ರೊಟ್ಟಿ ಬಡಿಯುವ ಉಪಗ್ರಹ

53 ಸೆಂಟಿಮೀಟರ್, ಮೇಲೆ 4 ಮಿಲಿಮೀಟರ್. ಚಳ್ಳಕೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ಈ ಅಳತೆ ಹೇಳಿ ಎರಡು ಅಲ್ಯೂಮಿನಿಯಂ ಕಡ್ಡಿ ಕೇಳಿದಾಗ ಅಂಗಡಿಯ ಯಜಮಾನರು ತಲೆಯೆತ್ತಿ ನೋಡಿದರು. ‘ಬಟ್ಟೆ ಒಣಹಾಕುವುದಕ್ಕೆ ಮಿಲಿಮೀಟರ್ ಲೆಕ್ಕ ಏಕೆ ಮೇಷ್ಟ್ರೇ?’ ಬಟ್ಟೆಗಲ್ಲ, ಮೋಡದ ಚಿತ್ರ ಕಳಿಸುವ ಉಪಗ್ರಹದ ಸಿಗ್ನಲ್ ಹಿಡಿಯುವುದಕ್ಕೆ ಎಂದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಕಡ್ಡಿಗೆ ಗುರುತು ಹಾಕುತ್ತಲೇ ‘ಕುದಾಪುರದ ಕಡೆಯ ಕೆಲಸವೋ?’ ಎಂದು ಕೇಳಿ ಸುಮ್ಮನಾದರು.

ನಮ್ಮ ತಾಲ್ಲೂಕಿನಲ್ಲಿ ಈ ಪ್ರಶ್ನೆ ಸಹಜ. ಒಂದು ಕಾಲಕ್ಕೆ ದನ, ಕುರಿ ಮೇಯುತ್ತಿದ್ದ ಕುದಾಪುರದ ಸುತ್ತಲಿನ ಅಮೃತ ಮಹಲ್ ಕಾವಲಿನಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷೆಯ ರನ್‌ವೇ ಇದೆ, ಇಸ್ರೊಗೂ ಜಾಗವಿದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೊದ ಮರುಬಳಕೆಯ ರಾಕೆಟ್ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟದ್ದೂ, ಅದು ತನ್ನಷ್ಟಕ್ಕೆ ತಾನೇ ಬಂದು ಇಳಿದದ್ದೂ ಇಲ್ಲೇ. ಆಕಾಶದ ವಹಿವಾಟು ಊರಿನವರಿಗೆ ಹೊಸದಲ್ಲ. ಅಪರೂಪದ್ದು ಮಳೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ನಮ್ಮದೂ ಇದೆ. ಜೂನ್, ಜುಲೈನಲ್ಲಿ ತಲೆಯ ಮೇಲೆ ಮೋಡಗಳ ಜಾತ್ರೆಯೇ ನಡೆಯುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿ ಫ್ಯಾನುಗಳು ಹಗಲಿರುಳು ತಿರುಗುತ್ತವೆ. ನೆಲಕ್ಕೆ ಬೀಳುವುದು ಮಾತ್ರ ನಾಲ್ಕು ಹನಿ.

ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಕುದಾಪುರದಲ್ಲಿ ನಡೆಯುವ ಶಿಕ್ಷಕರ ತರಬೇತಿಗೆ ಹೋಗಿದ್ದೆ. ಅಲ್ಲಿ ಮಾತು ಕಡಿಮೆ, ಪ್ರಯೋಗ ಹೆಚ್ಚು. ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ದಾಟಿಸಿದ್ದನ್ನು ಮೊದಲ ಸಲ ಕೈಯಾರೆ ಮಾಡಿ ನೋಡಿದೆ, ಒಳಗೊಳಗೇ ನಾಚಿಕೆಯಾಯಿತು. ಆ ನಾಚಿಕೆಯ ಮುಂದುವರಿಕೆಯೆಂಬಂತೆ 2025ರ ಬೇಸಿಗೆ ರಜೆಯಲ್ಲಿ ಉಪಗ್ರಹ ಚಿತ್ರಗಳನ್ನು ಓದುವ ಆನ್‌ಲೈನ್ ಪಾಠಗಳಿಗೆ ಹೆಸರು ಕೊಟ್ಟೆ. ಅಮೆರಿಕದ ಕಾಮೆಟ್ ಕಾರ್ಯಕ್ರಮದವರು ‘ಮೆಟ್‌ಎಡ್’ ಎಂಬ ಹೆಸರಿನಲ್ಲಿ ಇಂಥ ಪಾಠಗಳನ್ನು ಉಚಿತವಾಗಿ ಇಟ್ಟಿದ್ದಾರೆ. ಕರೆಂಟು ಇದ್ದಾಗ ನೋಡುವುದು, ಹೋದಾಗ ಟಿಪ್ಪಣಿ ಬರೆದುಕೊಳ್ಳುವುದು; ಮೇ ತಿಂಗಳು ಹೀಗೇ ಕಳೆಯಿತು.

ಆ ಓದಿನಲ್ಲಿ ನನಗೆ ಹತ್ತಿರವಾದವರು ವರ್ನರ್ ಸುವೊಮಿ. ಉಪಗ್ರಹ ಹವಾಮಾನಶಾಸ್ತ್ರದ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಅವರು ರಾಬರ್ಟ್ ಪೇರೆಂಟ್ ಎಂಬ ಎಂಜಿನಿಯರ್ ಜೊತೆ ಸೇರಿ ಮಾಡಿದ ಕ್ಯಾಮೆರಾ 1966ರ ಡಿಸೆಂಬರ್‌ನಲ್ಲಿ ಎಟಿಎಸ್-1 ಉಪಗ್ರಹದೊಂದಿಗೆ ಹಾರಿತು. ಉಪಗ್ರಹ ಬುಗುರಿಯಂತೆ ತಿರುಗುತ್ತಿತ್ತು. ಒಂದು ಸುತ್ತಿಗೆ ಭೂಮಿಯ ಮೇಲೆ ಒಂದು ಗೆರೆ, ಮುಂದಿನ ಸುತ್ತಿಗೆ ಅದರ ಕೆಳಗಿನ ಗೆರೆ. ಹೀಗೆ ಇಪ್ಪತ್ತು ನಿಮಿಷಕ್ಕೆ ಭೂಗೋಳದ ಒಂದು ಇಡೀ ಮುಖ. ತಿರುಗುವುದು ಫೋಟೊ ತೆಗೆಯುವುದಕ್ಕೆ ತೊಡಕು ಎಂದು ಯಾರಾದರೂ ಹೇಳುತ್ತಾರೆ. ಆ ತೊಡಕನ್ನೇ ಅವರು ಕುಂಚ ಮಾಡಿಕೊಂಡರು. ಆದರೆ ನನಗೆ ಹಿಡಿಸಿದ್ದು ಬೇರೆ ಸಂಗತಿ. ಹವಾಮಾನಕ್ಕೆ ಬರುವ ಮುನ್ನ ಆ ಮನುಷ್ಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು.

ಶಾಲೆ ಶುರುವಾದ ವಾರವೇ ಮುಖ್ಯೋಪಾಧ್ಯಾಯರ ಮುಂದೆ ಆಂಟೆನಾ ಕಟ್ಟುವ ವಿಷಯ ಇಟ್ಟೆ. ಅವರು ನ್ಯಾಯವಾದ ಪ್ರಶ್ನೆಯನ್ನೇ ಕೇಳಿದರು. ‘ಇನ್ಸಾಟ್ ಚಿತ್ರ ಅರ್ಧ ಗಂಟೆಗೊಮ್ಮೆ ಮೊಬೈಲಿನಲ್ಲೇ ಸಿಗುತ್ತದಲ್ಲ, ಮತ್ತೆ ಈ ಕಡ್ಡಿ ಏಕೆ?’ ನಿಜ. ಇನ್ಸಾಟ್-3ಡಿಆರ್ ಇದೆ, 2024ರ ಫೆಬ್ರುವರಿ 17ರಂದು ಹಾರಿದ 3ಡಿಎಸ್ ಇದೆ. 36 ಸಾವಿರ ಕಿಲೋಮೀಟರ್ ಮೇಲಿಂದ ನಮ್ಮನ್ನೇ ನೋಡುತ್ತ ಕುಳಿತಿವೆ. ನಮ್ಮ ಕಡ್ಡಿಗೆ ಸಿಗುವುದು 800 ಕಿಲೋಮೀಟರ್ ಮೇಲೆ ಧ್ರುವದಿಂದ ಧ್ರುವಕ್ಕೆ ಓಡುವ ಹಳೆಯ ಉಪಗ್ರಹಗಳು. ಮೊಬೈಲಿನ ಚಿತ್ರ ಮಕ್ಕಳಿಗೆ ಸಿದ್ಧ ಅಡುಗೆ. ಒಲೆ ಎಲ್ಲಿದೆ ಎಂದು ಅವರಿಗೆ ತೋರಿಸಬೇಕು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಕ್ಕದಲ್ಲೇ ಡಿಆರ್‌ಡಿಒ ಇದೆ. ನಾಳೆ ಯಾರಾದರೂ ಬಂದು ಕೇಳಿದರೆ?’ ಎಂದರು. ಇದು ಕಿವಿಯಷ್ಟೇ ಸರ್, ಬಾಯಿಲ್ಲ ಎಂದು ವಿವರಿಸಿದೆ. ಆದರೂ ನನ್ನಿಂದ ಒಂದು ಪತ್ರ ಬರೆಸಿ, ಸೀಲು ಹಾಕಿ, ಬೀರುವಿನಲ್ಲಿಟ್ಟರು. ಅದು ಇಂದಿಗೂ ಅಲ್ಲೇ ಇದೆ.

ಆಂಟೆನಾ ಕಟ್ಟಿದ್ದು ಒಂಬತ್ತನೇ ತರಗತಿಯವರು. ಉಪಗ್ರಹ ಕೂಗುವುದು 137 ಮೆಗಾಹರ್ಟ್ಸ್‌ನಲ್ಲಿ. ಬೆಳಕಿನ ವೇಗ ಸೆಕೆಂಡಿಗೆ 300 ದಶಲಕ್ಷ ಮೀಟರ್; ಆ 300ನ್ನು 137ರಿಂದ ಭಾಗಿಸಿದರೆ ಅಲೆಯ ಉದ್ದ ಎರಡು ಮೀಟರಿಗಿಂತ ಒಂದು ಗೇಣು ಜಾಸ್ತಿ. ಅದರ ಕಾಲು ಭಾಗಕ್ಕೆ ತುಸು ಕಡಿಮೆ ಒಂದು ಕಡ್ಡಿಯ ಉದ್ದ. ವೆಲ್ಡಿಂಗ್ ಅಂಗಡಿಯವರು ಕೇಳಿದ ನಾಲ್ಕು ಮಿಲಿಮೀಟರ್ ಬಂದದ್ದು ಇಲ್ಲಿಂದ. ಎರಡು ಕಡ್ಡಿಗಳ ನಡುವೆ 120 ಡಿಗ್ರಿ ಇರಬೇಕು. ಬೋರ್ಡಿನ ಮೇಲೆ ಕೋನ ಬರೆಯುವ ಮರದ ಕೋನಮಾಪಕಕ್ಕೆ ನನ್ನ ಸೇವಾವಧಿಯಲ್ಲೇ ಮೊದಲ ಬಾರಿಗೆ ನಿಜವಾದ ಕೆಲಸ ಸಿಕ್ಕಿತು. ಹನಿ ನೀರಾವರಿಯ ಹಳೆಯ ಪೈಪು ಕಂಬವಾಯಿತು, ಯಾರದೋ ಮನೆಯ ಡಿಶ್ ಕೇಬಲ್ ತಂತಿಯಾಯಿತು. ಇದನ್ನೆಲ್ಲ ಲ್ಯಾಪ್‌ಟಾಪಿಗೆ ಸೇರಿಸುವ ಡಾಂಗಲ್ ಮಾತ್ರ ಸತಾಯಿಸಿತು. ಆನ್‌ಲೈನಿನಲ್ಲಿ ತರಿಸಿದ ಮೊದಲನೆಯದು ನಕಲಿ. ಹತ್ತು ನಿಮಿಷಕ್ಕೆ ಕಾದ ಹೆಂಚಾಗುತ್ತಿತ್ತು. ಬದಲಿ ಬರುವಷ್ಟರಲ್ಲಿ ರೋಹಿಣಿ ಮಳೆ ಮುಗಿದು ಮೃಗಶಿರಾ ಹುಟ್ಟಿತ್ತು.

ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ಆ ಉಪಗ್ರಹಗಳ ಹೆಸರು ನೋವಾ. ಹೆಸರು ಕೇಳಿದೊಡನೆ ಹಿಂದಿನ ಬೆಂಚಿನಿಂದ ‘ಯಾರಿಗೆ ನೋವು ಸರ್?’ ಎಂಬ ಪ್ರಶ್ನೆ ಬಂದು ಐದು ನಿಮಿಷ ಪಾಠ ನಿಂತಿತು. 15, 18, 19 ಎಂದು ಮೂರು ಇವೆ ಎಂದು ಮಕ್ಕಳಿಗೆ ಹೇಳಿಯಾಗಿತ್ತು. ನಮ್ಮ ಡಾಂಗಲ್ ಇನ್ನೂ ಕೊರಿಯರ್ ಚೀಲದಲ್ಲಿರುವಾಗಲೇ, ಜೂನ್ 6ರಂದು, ನೋವಾ-18ನ್ನು ಶಾಶ್ವತವಾಗಿ ಆರಿಸಿದರು. ಉಳಿದದ್ದು ಎರಡು.

ಮೊದಲ ನಾಲ್ಕು ಪ್ರಯತ್ನ ಹಾಳು. ಉಪಗ್ರಹ ಎಷ್ಟು ಗಂಟೆಗೆ, ಯಾವ ದಿಕ್ಕಿನಲ್ಲಿ ತಲೆಯೆತ್ತುತ್ತದೆ ಎಂದು ಮೊಬೈಲ್ ಆ್ಯಪ್ ಹೇಳುತ್ತದೆ; ನಮ್ಮೂರ ಬಸ್ಸಿಗಿಂತ ಅದು ಸಮಯಕ್ಕೆ ಸರಿಯಾಗಿ ಬರುತ್ತದೆ. ನಾವೇ ಸಿದ್ಧರಿರಲಿಲ್ಲ. ಒಮ್ಮೆ ಕಡ್ಡಿಗಳನ್ನು ಉತ್ತರ, ದಕ್ಷಿಣಕ್ಕೆ ಇಡುವ ಬದಲು ಅಡ್ಡ ಇಟ್ಟಿದ್ದೆವು. ಇನ್ನೊಮ್ಮೆ ವರಾಂಡದ ಎಲ್‌ಇಡಿ ಬಲ್ಬು ಉರಿಯುತ್ತಿತ್ತು. ಅದರ ಗದ್ದಲಕ್ಕೆ ಪರದೆಯ ತುಂಬ ಮುಳ್ಳುಬೇಲಿ ಹಾಕಿದಂಥ ಗೆರೆಗಳು. ಬಲ್ಬು ಆರಿಸಿ, ಚಾರ್ಜರ್ ಕಿತ್ತು, ಲ್ಯಾಪ್‌ಟಾಪನ್ನು ಬರೀ ಬ್ಯಾಟರಿಯಲ್ಲಿ ಇಟ್ಟುಕೊಂಡು ಐದನೆಯ ಸಂಜೆ ಶಾಲೆಯ ತಾರಸಿ ಹತ್ತಿದೆವು. ಏಳು ಗಂಟೆಯ ಸುಮಾರಿಗೆ ನೋವಾ-15 ದಕ್ಷಿಣದಿಂದ ಮೇಲೇರಿತು. ಬರೀ ಮೊರೆತದ ಒಳಗಿಂದ ಒಂದು ಲಯ ಮೂಡತೊಡಗಿತು. ಟಪ್, ಟಪ್, ಟಪ್, ಟಪ್.

‘ಅಜ್ಜಿ ರೊಟ್ಟಿ ಬಡಿದ ಹಾಗೆ ಇದೆ ಸರ್’ ಎಂದಳು ಒಬ್ಬ ಹುಡುಗಿ.

ಹೌದು, ಥೇಟ್ ಹಾಗೆಯೇ ಇತ್ತು. ಸೆಕೆಂಡಿಗೆ ಎರಡು ಬಡಿತ. ಒಂದೊಂದು ಬಡಿತಕ್ಕೂ ಪರದೆಯಲ್ಲಿ ಒಂದು ಗೆರೆ. ಸುವೊಮಿಯವರ ಬುಗುರಿಯ ಗೆರೆಗಳನ್ನು ಓದಿದ್ದೆ, ಈಗ ಕೇಳಿದೆ. ಉಪಗ್ರಹ ಹತ್ತಿರ ಬರುವಾಗ ಆವೃತ್ತಿ ತುಸು ಏರಿ, ದಾಟಿದ ಮೇಲೆ ಇಳಿಯುವುದನ್ನು ಪರದೆಯ ಮೇಲಿನ ಬಾಗಿದ ಗೆರೆಯಲ್ಲೇ ತೋರಿಸಿದೆ. ನಾಯಕನಹಟ್ಟಿಯ ಬಸ್ಸು ಹಾರನ್ ಹೊಡೆಯುತ್ತ ಹಾದುಹೋಗುವ ಉದಾಹರಣೆ ಕೊಡಲು ಬಾಯಿ ತೆರೆದಿದ್ದೆ, ಯಾರಿಗೂ ಕೇಳುವ ವ್ಯವಧಾನವಿರಲಿಲ್ಲ. ಹನ್ನೊಂದು ನಿಮಿಷ ಎಲ್ಲರೂ ಪರದೆಗೆ ಮೂಗು ತಾಗಿಸಿಕೊಂಡಿದ್ದರು. ಬಂದ ಚಿತ್ರದಲ್ಲಿ ಯಾವುದು ನೆಲ, ಯಾವುದು ಕಡಲು ಎಂದು ನನಗೇ ತಿಳಿಯಲಿಲ್ಲ. ರೊಟ್ಟಿಯ ಹುಡುಗಿ ಲ್ಯಾಪ್‌ಟಾಪನ್ನು ಎತ್ತಿ ತಲೆಕೆಳಗು ಮಾಡಿ ಹಿಡಿದಳು. ‘ಇಲ್ಲಿದೆ ನೋಡಿ ಸರ್, ಶ್ರೀಲಂಕಾ.’ ದಕ್ಷಿಣದಿಂದ ಉತ್ತರಕ್ಕೆ ಹೋಗುವ ಉಪಗ್ರಹ ದಕ್ಷಿಣವನ್ನೇ ಮೊದಲು ಬರೆಯುತ್ತದೆ. ಪಾಠದಲ್ಲಿ ಓದಿದ್ದೆ, ಹೊತ್ತಿಗೆ ನೆನಪಾಗಲಿಲ್ಲ.

ನೆನಪಾಗದೆ ಹೋದದ್ದು ಅದೊಂದೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಆ ಹುಡುಗಿಯ ತಂದೆಗೆ ಮೂರು ಎಕರೆ ಕೆಂಪು ನೆಲವಿದೆ. ಶೇಂಗಾ ಹಾಕುತ್ತಾರೆ. ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ’ ಎನ್ನುತ್ತಾರಲ್ಲ, ಈ ಸಲ ಆರಿದ್ರಾ ಎರಡರ ನಡುವೆ ಎಲ್ಲೋ ನಿಂತಿತ್ತು. ನೆಲದಲ್ಲಿ ಅರ್ಧ ಹಸಿ. ಜುಲೈ ಮೊದಲ ವಾರದ ಒಂದು ಸಂಜೆ ಮಗಳನ್ನು ಕರೆದೊಯ್ಯಲು ಬಂದವರು ತಾರಸಿಗೂ ಬಂದರು. ಆಗಷ್ಟೇ ಚಿತ್ರ ಬಂದಿತ್ತು. ಅನಂತಪುರದಿಂದ ನಮ್ಮ ತಾಲ್ಲೂಕಿನವರೆಗೆ ಹಾಲು ಚೆಲ್ಲಿದಷ್ಟು ಬಿಳಿ. ‘ಏನು ಹೇಳುತ್ತದೆ ಮೇಷ್ಟ್ರೇ ನಿಮ್ಮ ಯಂತ್ರ?’ ಎಂದು ಕೇಳಿದರು. ಸುತ್ತ ಮಕ್ಕಳು ನಿಂತಿದ್ದರು. ‘ಇವತ್ತು ರಾತ್ರಿ ಒಳ್ಳೆಯ ಮಳೆ ಇದೆ’ ಎಂದುಬಿಟ್ಟೆ.

ರಾತ್ರಿ ಒಂದು ಹನಿಯೂ ಬೀಳಲಿಲ್ಲ. ಅವರು ಮರುದಿನ ನಸುಕಿಗೇ ಕೂರಿಗೆ ಕಟ್ಟಿ ಬಿತ್ತಿದ್ದರು. ರಾತ್ರಿ ತಪ್ಪಿದ ಮಳೆ ಹಗಲಾದರೂ ಬಂದೀತು, ಮೇಷ್ಟ್ರು ಸುಮ್ಮನೆ ಹೇಳುವವರಲ್ಲ ಎಂಬ ಧೈರ್ಯದ ಮೇಲೆ. ಮುಂದಿನ ಎರಡು ವಾರ ಗಾಳಿ ಬೀಸಿತು, ಅಷ್ಟೇ. ಅರ್ಧದಷ್ಟು ಬೀಜ ಮೊಳೆಯಲಿಲ್ಲ.

ಅವರು ಬಿತ್ತಿದ ದಿನವೇ ಬೆಳಿಗ್ಗೆ ನೋವಾ-19ರ ಪಾಸ್, ಅಂದರೆ ಅದು ತಲೆಯ ಮೇಲೆ ಹಾದುಹೋಗುವ ಸರದಿ, ಹಿಡಿದಾಗ ನನ್ನ ಪೆದ್ದುತನ ಕಣ್ಣಿಗೆ ಕಟ್ಟಿತು. ಹಗಲಿನಲ್ಲಿ ಅದು ಪಕ್ಕಪಕ್ಕದಲ್ಲಿ ಎರಡು ಚಿತ್ರ ಕಳಿಸುತ್ತಿತ್ತು. ಒಂದು ಸೂರ್ಯನ ಬೆಳಕಿನದು, ಇನ್ನೊಂದು ಇನ್‌ಫ್ರಾರೆಡ್, ಅಂದರೆ ಶಾಖದ್ದು. ಶಾಖದ ಚಿತ್ರದಲ್ಲಿ ತಣ್ಣಗಿರುವುದನ್ನು ಬಿಳಿಯಾಗಿ ತೋರಿಸುವುದು ವಾಡಿಕೆ. ಎತ್ತರ ಹೆಚ್ಚಿದಷ್ಟೂ ಚಳಿ. ಹಾಗಾಗಿ ಮೋಡದ ನೆತ್ತಿ ಎಷ್ಟು ಎತ್ತರವೋ ಅಷ್ಟು ಬಿಳಿ. ಆ ಚಿತ್ರ ನೆತ್ತಿಯ ಚಳಿಯನ್ನು ಹೇಳುತ್ತದೆಯೇ ಹೊರತು ಮೋಡದ ಹೊಟ್ಟೆಯಲ್ಲಿ ನೀರಿದೆಯೇ ಎಂಬುದನ್ನಲ್ಲ. ಆ ಬೆಳಿಗ್ಗೆಯೂ ಶಾಖದ ಚಿತ್ರದಲ್ಲಿ ನಮ್ಮ ತಾಲ್ಲೂಕಿನ ಮೇಲೆ ಬಿಳಿ ಇತ್ತು. ಬೆಳಕಿನ ಚಿತ್ರದಲ್ಲಿ ಅದೇ ಜಾಗ ಹಳೆಯ ಪಂಚೆಯಂತೆ ತೆಳ್ಳಗಿತ್ತು, ಕೆಳಗಿನ ನೆಲ ಕಾಣುತ್ತಿತ್ತು. ಎಲ್ಲೋ ಆಂಧ್ರದಲ್ಲಿ ಸುರಿದು ಮುಗಿದ ಗುಡುಗು ಮೋಡಗಳ ಮೇಲ್ತುದಿಯ ಹಿಮದ ಹರಳುಗಳು ಹರಡಿಕೊಂಡು ತೇಲಿ ಬಂದಿದ್ದವು. ಹಿಂದಿನ ಸಂಜೆಯ ಪಾಸ್‌ನಲ್ಲಿ ಬೆಳಕಿನ ಚಿತ್ರವೇ ಇರಲಿಲ್ಲ. ಒಂದೇ ಕಣ್ಣಿನಲ್ಲಿ ನೋಡಿ ತೀರ್ಪು ಕೊಟ್ಟಿದ್ದೆ. ತಮಾಷೆಯೆಂದರೆ ಈ ವಿಷಯದ ಮೇಲೆಯೇ ಪಾಠದ ಕೊನೆಯಲ್ಲಿ ಪ್ರಶ್ನೆ ಇತ್ತು. ಸರಿಯುತ್ತರ ಕೊಟ್ಟು ಪ್ರಮಾಣಪತ್ರವನ್ನೂ ಇಳಿಸಿಕೊಂಡಿದ್ದೆ.

ಅವರ ಹೊಲದ ಬದುವಿಗೆ ಹೋಗಿ ತಪ್ಪಾಯಿತು ಎಂದೆ. ಅವರು ಬಯ್ಯಲಿಲ್ಲ. ‘ನಮ್ಮ ಪಂಚಾಂಗವೂ ಹೀಗೇ ಮಾಡುತ್ತದೆ ಬಿಡಿ’ ಎಂದರು. ಬೈದಿದ್ದರೆ ಸುಲಭವಿತ್ತು.

ಆಮೇಲೆ ತಾರಸಿಯ ಮೇಲೆ ಒಂದು ಕಟ್ಟುಪಾಡು ಬಂತು: ಮಳೆ ಬರುತ್ತದೆ ಎಂದು ಯಾರೂ ಹೇಳಕೂಡದು, ನಾನೂ ಸೇರಿ. ಬದಲಿಗೆ ಒಂದು ಪುಸ್ತಕ ಹಾಕಿದೆವು. ಕಣ್ಣಿಗೆ ಕಂಡ ಆಕಾಶ, ಬೆಳಕಿನ ಚಿತ್ರ, ಶಾಖದ ಚಿತ್ರ, ಮಳೆ. ಮಳೆಯನ್ನು ಅಳೆಯಲು ಶಾಲೆಯಂಗಳದಲ್ಲಿ ಪ್ಲಾಸ್ಟಿಕ್ ಬಾಟಲಿಯ ಮಾಪಕ. ಅದು ಸುಳ್ಳು ಹೇಳಿದರೆ ಹಿಡಿಯಲು ಪಂಚಾಯಿತಿಯಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕ. ಹದಿನೈದು ದಿನ ತುಂಬುವಷ್ಟರಲ್ಲಿ ಮಕ್ಕಳೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಎರಡೂ ಚಿತ್ರದಲ್ಲಿ ಬಿಳಿಯಾಗಿದ್ದರೆ ‘ಗಟ್ಟಿ’. ಶಾಖದಲ್ಲಿ ಬಿಳಿ, ಬೆಳಕಿನಲ್ಲಿ ತೆಳು ಇದ್ದರೆ ‘ಪಂಚೆ’. ಬೆಳಕಿನಲ್ಲಿ ಬಿಳಿ, ಶಾಖದಲ್ಲಿ ಬೂದು ಇದ್ದರೆ ‘ಓಡುಮೋಡ’. ಈ ಮೂರನೆಯದೇ ನಮ್ಮ ಆಷಾಢದ ಮೋಡ. ಪಶ್ಚಿಮದ ಗಾಳಿ ಹೊತ್ತು ತರುವ, ಕೆಳಮಟ್ಟದ, ಬೆಚ್ಚನೆಯ ನೆತ್ತಿಯ ಮೋಡ. ಘಟ್ಟದ ಆಚೆಗೇ ಹೊರೆ ಇಳಿಸಿ ಬಂದಿರುತ್ತದೆ. ನೆಲದಲ್ಲಿ ನಿಂತವರಿಗೆ ಆಕಾಶವೆಲ್ಲ ಕಪ್ಪು, ಶಾಖದ ಚಿತ್ರದಲ್ಲಿ ನೆಲಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನನ್ನ ಹುಟ್ಟಿದೂರಿನ ಆಕಾಶ ಜೀವಮಾನವಿಡೀ ನನಗೆ ಮಾಡುತ್ತ ಬಂದ ಮೋಸಕ್ಕೆ ಹೀಗೊಂದು ಪುರಾವೆ ಸಿಕ್ಕಿತು.

ಪುಸ್ತಕದಿಂದ ಹುಟ್ಟಿದ ಇನ್ನೊಂದು ಪ್ರಶ್ನೆ ನನ್ನನ್ನು ರಾತ್ರಿಯಿಡೀ ಕೂರಿಸಿತು. ಬೆಳಿಗ್ಗೆ ನೋವಾ-15 ಹೋದ ಸ್ವಲ್ಪ ಹೊತ್ತಿಗೆ ನೋವಾ-19 ಬರುತ್ತಿತ್ತು. ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟಾಗ ಪಂಚೆ ಪಶ್ಚಿಮಕ್ಕೆ ಸರಿದಿರುವುದು ಕಂಡಿತು. ‘ತಲೆಯ ಮೇಲಿನ ಮೋಡ ಆಂಧ್ರದ ಕಡೆಗೆ ಓಡುತ್ತದೆ. ಚಿತ್ರದ ಮೋಡ ಆಂಧ್ರದಿಂದ ಬರುತ್ತದೆ. ಯಾವುದು ಸರಿ ಸರ್?’ ಎರಡೂ ಸರಿ. ಮುಂಗಾರಿನ ಕಾಲದಲ್ಲಿ ನೆಲದ ಹತ್ತಿರ ಗಾಳಿ ಪಶ್ಚಿಮದಿಂದ ಬೀಸಿದರೆ, ಹದಿನಾಲ್ಕು ಹದಿನೈದು ಕಿಲೋಮೀಟರ್ ಮೇಲೆ ಪೂರ್ವದಿಂದ ಭರದಿಂದ ಹರಿಯುತ್ತಿರುತ್ತದೆ. ಈ ಪೂರ್ವದ ಜೆಟ್ ಗಾಳಿಯನ್ನು 1958ರಲ್ಲಿ ವಿವರಿಸಿದವರು ನಮ್ಮವರೇ, ಪಿ. ಕೋಟೇಶ್ವರಂ, ಮುಂದೆ ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥರಾದರು. ಅವರಿಗೆ ಆಗ ನೋಡಲು ಒಂದೂ ಹವಾಮಾನ ಉಪಗ್ರಹವಿರಲಿಲ್ಲ. ಮೊದಲ ಯಶಸ್ವಿ ಹವಾಮಾನ ಉಪಗ್ರಹವಾದ ಟೈರೋಸ್-1 ಹಾರಿದ್ದು 1960ರ ಏಪ್ರಿಲ್ 1ರಂದು. ಬಲೂನುಗಳ ಲೆಕ್ಕದಲ್ಲಿ ಅವರು ಕಂಡದ್ದನ್ನು ನಮ್ಮ ಮಕ್ಕಳು ಎರಡು ಮಸುಕು ಚಿತ್ರಗಳ ನಡುವೆ ಕಂಡಿದ್ದರು. ಯಾವ ಪಠ್ಯದಲ್ಲೂ ಇದನ್ನು ನಾನು ಕಲಿಸಿರಲಿಲ್ಲ. ಅಂದು ತರಗತಿಯಲ್ಲಿ ನಾನು ವಿವರಿಸುವಾಗ ದನಿ ಸ್ವಲ್ಪ ಏರಿತ್ತೆಂದು ಪಕ್ಕದ ಕೊಠಡಿಯ ಗಣಿತದ ಮೇಡಂ ಹೇಳಿದರು.

ಆಗಸ್ಟ್ 13ರಂದು, ಆಶ್ಲೇಷಾ ಮಳೆಯಲ್ಲಿ, ನೋವಾ-19 ಹೋಯಿತು. ಮಘಾ ಹುಟ್ಟಿ ಎರಡು ದಿನಕ್ಕೆ, 19ರಂದು, ನೋವಾ-15. ಅದು ಹಾರಿದ್ದು 1998ರಲ್ಲಿ. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ಸುದ್ದಿ ಮೊದಲೇ ಗೊತ್ತಿದ್ದರೂ 20ರ ಬೆಳಿಗ್ಗೆ ಆರು ಮಂದಿ ತಾರಸಿಗೆ ಬಂದಿದ್ದರು. ಆ್ಯಪ್ ತೋರಿಸಿದ ಸಮಯಕ್ಕೆ ಸರಿಯಾಗಿ ಕಿವಿಗೊಟ್ಟೆವು. ಮೊರೆತ ಮಾತ್ರ ಕೇಳಿಸಿತು. ಒಬ್ಬ ಹುಡುಗ ಕೇಬಲ್ ಸಡಿಲವಾಗಿದೆಯೇನೋ ಎಂದು ಎರಡು ಸಲ ಬಿಗಿ ಮಾಡಿ ನೋಡಿದ.

ಈಗ ರಷ್ಯಾದ ಮೀಟಿಯೋರ್ ಉಪಗ್ರಹಗಳನ್ನು ಹಿಡಿಯುತ್ತಿದ್ದೇವೆ. ಅದೇ ಕಡ್ಡಿ, ಅದೇ ಪೈಪು. 2024ರ ಫೆಬ್ರುವರಿ 29ರಂದು ಹಾರಿದ ಎಂ2-4 ಚೆನ್ನಾಗಿ ಸಿಗುತ್ತದೆ. ನೋವಾ ಚಿತ್ರದಲ್ಲಿ ಒಂದು ಚುಕ್ಕೆ ನಾಲ್ಕು ಕಿಲೋಮೀಟರ್ ಆಗಿದ್ದರೆ ಇದರಲ್ಲಿ ಒಂದೇ. ಮೋಡವಿಲ್ಲದ ದಿನ ತುಂಗಭದ್ರಾ ಜಲಾಶಯ ಎದ್ದು ಕಾಣುತ್ತದೆ. 1933ರ ಬಳಿಕ 2022ರಲ್ಲಿ ಕೋಡಿ ಬಿದ್ದ ನಮ್ಮ ವಾಣಿವಿಲಾಸ ಸಾಗರ ಒಂದು ಕಪ್ಪು ತಿಲಕ. ಪಕ್ಕದ ಊರಿನ ಎರಡು ಶಾಲೆಗಳಿಗೆ ಕಡ್ಡಿ, ಪೈಪು ಹಿಡಿದು ಬಸ್ಸಿನಲ್ಲಿ ಹೋಗಿ ಬಂದಿದ್ದೇವೆ. ಕಂಡಕ್ಟರು ಪೈಪಿಗೆ ಲಗೇಜ್ ಟಿಕೆಟ್ ಹರಿದರು. ಅಲ್ಲಿ ಪಾಠ ಮಾಡುವುದು ಮಕ್ಕಳೇ. ಮೊದಲ ವಾಕ್ಯವಾಗಿ ‘ಇದು ಮಳೆ ಹೇಳುವ ಯಂತ್ರವಲ್ಲ’ ಎನ್ನುತ್ತಾರೆ, ನನ್ನ ಕಡೆ ನೋಡದೆ.

ಒಂದೇ ಕೊರತೆ, ಮೀಟಿಯೋರ್ ಡಿಜಿಟಲ್. ಅದರಲ್ಲಿ ಲಯವಿಲ್ಲ, ಎಣ್ಣೆ ಕಾದ ಬಾಣಲೆಯ ಸದ್ದು ಅಷ್ಟೇ.

ದಸರಾ ರಜೆಗೆ ಮುನ್ನ ಆ ಹುಡುಗಿ ತನ್ನ ಅಜ್ಜಿಯನ್ನು ಶಾಲೆಗೆ ಕರೆತಂದಳು. ಮೊಮ್ಮಗಳು ಮೂರು ತಿಂಗಳಿಂದ ಹೇಳುತ್ತಿದ್ದ ಸದ್ದನ್ನು ಅವರು ಕೇಳಬೇಕಂತೆ. ಸೆರಗಿನಲ್ಲಿ ಒಂದಿಷ್ಟು ಹಸಿ ಶೇಂಗಾ ಕಟ್ಟಿಕೊಂಡು ಬಂದಿದ್ದರು. ಮೊಳೆತ ಅರ್ಧ ಹೊಲದ್ದು. ಉಪಗ್ರಹ ಈಗಿಲ್ಲ ಅಜ್ಜಿ ಎಂದು ಹೇಳಿ, ಜೂನ್‌ನಲ್ಲಿ ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ಧ್ವನಿಯನ್ನು ಹಾಕಿದೆ. ಅವರು ಮೊಬೈಲನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಪೂರ್ತಿ ಒಂದು ನಿಮಿಷ ಕೇಳಿದರು.

‘ಬಡಿಯುವವಳಿಗೆ ಅವಸರ ಜಾಸ್ತಿ’ ಎಂದರು. ‘ಈ ವೇಗಕ್ಕೆ ಅಂಚು ಹರಿಯುತ್ತದೆ.’